ಸಹಾಯ ಬೇಕು: ಎಂಜಿನ್‌ನ ಅಲ್ಯೂಮಿನಿಯಂ ಹೆಡ್‌ನಲ್ಲಿ (ಸಿಲಿಂಡರ್ ಮೇಲಿನ ಮುಚ್ಚಳ) ಹೊಸ ಸ್ಪಾರ್ಕ್ ಪ್ಲಗ್ ಎರಡೇ ಸುತ್ತಿಗೆ ನಿಲ್ಲುತ್ತಿದೆ

ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಹಳೆಯ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಹೊಸದು ಬೆರಳಲ್ಲಿ ಎರಡು ಸುತ್ತು ಹೋಗಿ ಗಟ್ಟಿಯಾಗಿ ನಿಂತುಬಿಡುತ್ತದೆ. ಮೊದಲು ಹಿಂದಕ್ಕೆ ತಿರುಗಿಸಿ, 'ಟಕ್' ಅಂತ ಕೂತ ಮೇಲೆ ಮುಂದಕ್ಕೆ ತಿರುಗಿಸಿಯೂ ನೋಡಿದೆ, ಅದೇ ಕಥೆ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿಲ್ಲ. ಉಕ್ಕಿನ ಪ್ಲಗ್‌ಗೆ ಏನೂ ಆಗಲ್ಲ, ಹಾಳಾಗೋದು ಮೆತ್ತನೆಯ ಹೆಡ್ಡೇ. ಹಳೆಯ ಪ್ಲಗ್‌ನ ಕೊನೆಯ ಥ್ರೆಡ್‌ನಲ್ಲಿ ಕೂದಲೆಳೆಯಂಥ ಬೆಳ್ಳಿಬಣ್ಣದ ಚೂರು ಅಂಟಿದೆ, ನನ್ನ ಭಯ ಅದೇ.

ಗ್ರೀಸ್ ಹಚ್ಚಿದ ಥ್ರೆಡ್ ಚೇಸರ್ (ಕೆಟ್ಟ ಥ್ರೆಡ್ ಸರಿಮಾಡುವ ಉಪಕರಣ) ಬಿಟ್ಟರೆ ಸರಿಹೋಗುತ್ತಾ, ಅಥವಾ ಇನ್ಸರ್ಟ್ (ಹೊಸ ಥ್ರೆಡ್ ಇರುವ ಲೋಹದ ಒಳತೋಳು) ಹಾಕಿಸಲೇಬೇಕಾ? ಚೂರು ಸಿಲಿಂಡರ್‌ಗೆ ಬೀಳದಂತೆ ನೀವು ಏನು ಮಾಡುತ್ತೀರಿ?

ಇನ್ನೊಂದು: ಥ್ರೆಡ್ ಹಿಡಿದುಕೊಳ್ಳದಂತೆ ಆಂಟಿ-ಸೀಜ್ ಪೇಸ್ಟ್ ಹಚ್ಚು ಅನ್ನುತ್ತಾರೆ. ಆದರೆ 14 ಮಿ.ಮೀ. ಪ್ಲಗ್‌ಗೆ ಹೇಳುವ 25–30 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಒಣ ಥ್ರೆಡ್‌ನ ಲೆಕ್ಕ. ಜಾರುವ ಪೇಸ್ಟ್ ಇದ್ದರೆ ಅಷ್ಟೇ ಟಾರ್ಕ್‌ಗೆ ಅತಿಯಾಗಿ ಬಿಗಿಯಾಗುತ್ತದೆ. ಹಚ್ಚದೇ ಬಿಡುವುದೇ ಸರಿ ಅನಿಸುತ್ತಿದೆ. ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ, ಎಂಜಿನ್ ಬಿಚ್ಚಿಟ್ಟೇ ಇದೆ.