ಮೆಲೋಡ್ರಾಮಾಗೆ ‘ಅತಿ’ ಇಲ್ಲದ ಕನ್ನಡ ಪದ ಇದೆಯಾ?

ಎಲ್ರಿಗೂ ನಮಸ್ಕಾರ,

ಹಳೇ ಹಾಲಿವುಡ್ ಬಗ್ಗೆ ಒಂದು ಲೇಖನ ಬರೀತಾ ಇದೀನಿ, ಮೆಲೋಡ್ರಾಮಾ ಅನ್ನೋ ಪದ ಪ್ಯಾರಾಗೊಂದು ಸಲ ಬರ್ತಿದೆ. ಕನ್ನಡದಲ್ಲಿ ಇದಕ್ಕೆ ಅತಿನಾಟಕೀಯತೆ, ಭಾವಾತಿರೇಕ, ಅತಿಭಾವುಕತೆ ಅಂತೆಲ್ಲ ಬರೀತೀವಿ. ನನ್ನ ತಕರಾರು ಆ ‘ಅತಿ’ ಬಗ್ಗೆ. ‘ಜಾಸ್ತಿ ಅತಿ ಆಡ್ಬೇಡ’ ಅಂತ ಬೈಯೋ ಅತಿನೇ ತಾನೆ ಅದು? ಪದ ಹಾಕಿದ ಕೂಡ್ಲೆ ಸಿನಿಮಾ ಚೆನ್ನಾಗಿಲ್ಲ ಅಂತ ತೀರ್ಪು ಕೊಟ್ಟ ಹಾಗಾಗುತ್ತೆ, ಆಮೇಲೆ ನಾನು ಏನು ಬರೆದ್ರೂ ಓದೋರು ಅದನ್ನ ಬೈಗುಳ ಅಂತಾನೇ ಓದ್ತಾರೆ.

ಮೂಲದಲ್ಲಿ ಬೈಗುಳ ಇಲ್ಲ. ಗ್ರೀಕಿನ ಮೆಲೋಸ್ ಅಂದ್ರೆ ಹಾಡು, ಅದಕ್ಕೆ ಫ್ರೆಂಚಿನ ಡ್ರಾಮ್ ಸೇರಿ ಆಗಿದ್ದು, ಅಂದ್ರೆ ಸಂಗೀತ ಜೊತೆಗಿರೋ ನಾಟಕ ಅಷ್ಟೇ. 1800ರ ಆಸುಪಾಸಲ್ಲಿ ಪ್ಯಾರಿಸ್ಸಿನ ರಂಗಭೂಮಿಲಿ ಇದು ಭಾರೀ ಜನಪ್ರಿಯ ಆಯ್ತು, ನಿರಪರಾಧಿಗೆ ಕಷ್ಟ, ಕೇಡಿಯ ಸಂಚು, ಕೊನೇಲಿ ಸತ್ಯ ಬಯಲಾಗೋದು. ಅಮೆರಿಕದ ಸಿನಿಮಾ ಈ ಸರಕನ್ನ ಹಾಗೇ ಎತ್ಕೊಂಡಿತು. ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ 1920ರಲ್ಲಿ ಮಾಡಿದ ‘ವೇ ಡೌನ್ ಈಸ್ಟ್’ ಸಿನಿಮಾ ನೋಡಿ, ಸುಳ್ಳು ಮದುವೆಲಿ ಮೋಸಹೋದ ಹುಡುಗಿ, ಮಗು ತೀರ್ಕೊಂಡಿದೆ, ಆಶ್ರಯ ಕೊಟ್ಟ ಮನೆ ಯಜಮಾನನೇ ಅವಳನ್ನ ಹಿಮದ ಬಿರುಗಾಳಿಗೆ ಹೊರಗೆ ಹಾಕ್ತಾನೆ, ಅವಳು ನದಿಲಿ ಒಡೆದ ಮಂಜುಗಡ್ಡೆಯ ಹಲಗೆ ಮೇಲೆ ಪ್ರಜ್ಞೆ ತಪ್ಪಿ ಬಿದ್ದು ಜಲಪಾತದ ಕಡೆ ತೇಲ್ತಿದ್ರೆ ಯಜಮಾನನ ಮಗ ಒಂದು ಹಲಗೆಯಿಂದ ಇನ್ನೊಂದಕ್ಕೆ ಹಾರ್ತಾ ಓಡಿ ಬರ್ತಾನೆ. ಆ ಹುಡುಗಿ ಪಾತ್ರ ಮಾಡಿದ ಲಿಲಿಯನ್ ಗಿಶ್ ನಿಜವಾಗ್ಲೂ ಕೊರೆಯೋ ನೀರಲ್ಲಿ ಕೈ ಇಳಿಬಿಟ್ಟು ಮಲಗಿದ್ರು. ಇಲ್ಲಿ ಕಣ್ಣೀರೂ ಇದೆ, ಎದೆ ಢವಢವ ಅನ್ನೋ ಸಾಹಸವೂ ಇದೆ, ಎರಡನ್ನೂ ಬಿಡಿಸಕ್ಕಾಗಲ್ಲ.

ಇದಕ್ಕಿಂತ ದೊಡ್ಡ ತಲೆನೋವು ಮುಂದಿದೆ. ಸ್ಟೀವ್ ನೀಲ್ ಅನ್ನೋ ವಿದ್ವಾಂಸರು ಆ ಕಾಲದ ಅಮೆರಿಕನ್ ಟ್ರೇಡ್ ಪತ್ರಿಕೆಗಳನ್ನ (ಸಿನಿಮಾ ಉದ್ಯಮದವರೇ ಓದೋ ಪತ್ರಿಕೆಗಳು) ಜಾಲಾಡಿ 1993ರಲ್ಲಿ ಒಂದು ಲೇಖನ ಬರೆದ್ರು. ಉದ್ಯಮದವರು ಮೆಲೋಡ್ರಾಮಾ ಅಂತಿದ್ದಿದ್ದು ಹೆಚ್ಚಾಗಿ ಗ್ಯಾಂಗ್‌ಸ್ಟರ್, ಕ್ರೈಮ್, ಥ್ರಿಲ್ಲರ್ ಸಿನಿಮಾಗಳಿಗೆ! ‘ವೆರೈಟಿ’ ಪತ್ರಿಕೆ ಅದನ್ನ ಮೊಟಕು ಮಾಡಿ ‘ಮೆಲ್ಲರ್’ ಅಂತಿತ್ತು. ನಾವೀಗ ಮೆಲೋಡ್ರಾಮಾ ಅಂತ ಕರೆಯೋ ತಾಯಿ-ಮಗಳ ಸಂಕಟದ ಕಥೆಗಳಿಗೆ ಅವರು ಬೇರೆ ಹೆಸರು ಇಟ್ಕೊಂಡಿದ್ರು. 1972ರಲ್ಲಿ ಸಿನಿಮಾ ವಿದ್ವಾಂಸ ಥಾಮಸ್ ಎಲ್ಸೆಸರ್ ಮೆಲೋಡ್ರಾಮಾ ಬಗ್ಗೆ ಬರೆದ ಲೇಖನ ಬಂದ್ಮೇಲೆ ವಿಮರ್ಶಕರ ಬಾಯಲ್ಲಿ ಪದ ಸಂಸಾರದ ಕಡೆಗೆ, ಅದರಲ್ಲೂ 1950ರ ದಶಕದ ಹಾಲಿವುಡ್ ನಿರ್ದೇಶಕ ಡಗ್ಲಸ್ ಸರ್ಕ್ ಥರದೋರ ಸಿನಿಮಾ ಕಡೆಗೆ ವಾಲ್ಕೊಂಡ್ತು. ಆಮೇಲೆ 1998ರಲ್ಲಿ ಲಿಂಡಾ ವಿಲಿಯಮ್ಸ್ ಅನ್ನೋ ವಿದ್ವಾಂಸೆ ಬಂದು, ಇದೊಂದು ಪ್ರಕಾರವೇ ಅಲ್ಲ, ಅಮೆರಿಕದ ಜನಪ್ರಿಯ ಸಿನಿಮಾ ಒಟ್ಟಾರೆ ಕಥೆ ಹೇಳೋ ರೀತಿನೇ ಇದು ಅಂದ್ರು. ನಂಗೆ ಇದೇ ಸರಿ ಅನ್ಸುತ್ತೆ.

ಯಾಕಂದ್ರೆ ವೆಸ್ಟರ್ನ್ ತಗೊಳ್ಳಿ, ಗಂಡಸರ ಕುದುರೆ-ಬಂದೂಕಿನ ಸಿನಿಮಾ ಅಂತೀವಿ. ಜಾನ್ ಫೋರ್ಡ್ ಅವರ ‘ದ ಸರ್ಚರ್ಸ್’ (1956) ಶುರುಲೇ ಒಂದು ಗಳಿಗೆ ಇದೆ: ಮಾರ್ಥಾ ಒಳಕೋಣೆಲಿ ಗಂಡನ ಸೋದರ ಈಥನ್‌ನ ಕೋಟು ಎತ್ಕೊಂಡು ಮೆಲ್ಲಗೆ ಕೈಯಿಂದ ಸವರ್ತಾಳೆ, ಈಚೆ ನಿಂತಿರೋ ಕ್ಯಾಪ್ಟನ್ ಕಾಫಿ ಕುಡೀತಾ ಎದುರಿಗೇ ನೋಡ್ತಿರ್ತಾನೆ, ಕಂಡೂ ಕಾಣದವನ ಹಾಗೆ. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲ್ಲ. ಹೇಳ್ಕೊಳ್ಳಕ್ಕಾಗದ ಪ್ರೀತಿಯನ್ನ ವಸ್ತು ಮತ್ತು ಸಂಗೀತದ ಮೇಲೆ ಹೊರಿಸೋದು, ಮೆಲೋಡ್ರಾಮಾ ಅಂದ್ರೆ ಇದೇ. ಇದಕ್ಕೆ ‘ಅತಿನಾಟಕೀಯ’ ಅಂದ್ರೆ ಜನ ನಗಲ್ವಾ? ಅದರಲ್ಲಿ ನಾಟಕೀಯ ಅನ್ನೋದೇ ಇಲ್ಲ, ಅತಿ ಎಲ್ಲಿಂದ ಬರ್ಬೇಕು.

ನಂಗೆ ಹೊಳೆದಿದ್ದು ಇಷ್ಟು. ‘ಕರುಣರಸ ಪ್ರಧಾನ’ ಅಂದ್ರೆ ಕೇಡಿ, ಬೆನ್ನಟ್ಟೋದು, ಕೊನೇ ಕ್ಷಣದ ಪಾರುಗಾಣಿಕೆ ಎಲ್ಲ ಹೊರಗೇ ಉಳಿಯುತ್ತೆ. ‘ಸಾಂಸಾರಿಕ ಚಿತ್ರ’ ಸರ್ಕ್‌ಗೆ ಪರವಾಗಿಲ್ಲ, ಗ್ಯಾಂಗ್‌ಸ್ಟರ್‌ಗೆ ಆಗಲ್ಲ. ಗೀತನಾಟಕ ಅಂದ್ರೆ ಓದೋರು ಒಪೆರಾ ಕಡೆ ಹೋಗ್ತಾರೆ. ‘ಕಂಪನಿ ನಾಟಕದ ಶೈಲಿ’ ಅಂತ ಗೆಳೆಯರೊಬ್ರು ಹೇಳಿದ್ರು, ಹಾರ್ಮೋನಿಯಂ, ಹಾಡು, ಕೇಡಿ ಎಲ್ಲ ಇರೋದ್ರಿಂದ ಒಳಗಿನ ಅರ್ಥಕ್ಕೆ ಹತ್ತಿರ ನಿಜ, ಆದ್ರೆ ಅದನ್ನೂ ನಾವೀಗ ಹೀಗಳೆಯೋಕೇ ಬಳಸ್ತೀವಲ್ಲ. ಹಾಗಾಗಿ ಸದ್ಯಕ್ಕೆ ‘ಮೆಲೋಡ್ರಾಮಾ’ ಅಂತಾನೇ ಇಟ್ಟಿದೀನಿ, ಬೈಗುಳ ಬೇಕಾದ ಕಡೆ ಮಾತ್ರ ಭಾವಾತಿರೇಕ.

ಈಗ ಪ್ರಶ್ನೆ. ಒಂದು, ‘ಮೆಲೋಡ್ರಾಮಾಟಿಕ್’ ಅನ್ನೋ ವಿಶೇಷಣಕ್ಕೆ ‘ಮೆಲೋಡ್ರಾಮೀಯ’ ಅಂತ ಯಾರಾದ್ರೂ ಬಳಸಿದ್ದು ಕಂಡಿದೀರಾ, ಕಿವಿಗೆ ಹೇಗಿದೆ? ನಂಗಂತೂ ಹಲ್ಲಿಗೆ ಕಲ್ಲು ಸಿಕ್ಕ ಹಾಗಾಗುತ್ತೆ. ಇನ್ನೊಂದು, 1930ರ ದಶಕದ ವಿಮರ್ಶೆಲಿ ‘ಗ್ಯಾಂಗ್‌ಸ್ಟರ್ ಮೆಲೋಡ್ರಾಮಾ’ ಅಂತ ಬಂದ್ರೆ ಅಲ್ಲಿ ‘ರೋಚಕ ಚಿತ್ರ’ ಅಂತ ಬರೆದು ಕೆಳಗೆ ಟಿಪ್ಪಣಿ ಕೊಡೋದಾ, ಪದ ಹಾಗೇ ಬಿಟ್ಟು ಟಿಪ್ಪಣಿ ಕೊಡೋದಾ? ರಂಗಭೂಮಿ ಕಡೆಯವರು ಈ ಗುಂಪಲ್ಲಿ ಇದೀರಲ್ಲ, ನೀವು ಮೊದ್ಲು ಹೇಳಿ.