ಮಂಡಿ ಸಾಹುಕಾರರು ಐದು ಲಕ್ಷ ಕೊಡ್ತಾರಂತೆ, ತಗೊಳ್ಳಬಹುದಾ ಆಡಿಟರ್ ಸಾರ್?

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು):
ನಮಸ್ಕಾರ ಸಾರ್. ನಮ್ಮೂರಿನ ಹುಡುಗನೊಬ್ಬ ಮುಂದಿನ ವಿಧಾನಸಭೆ ಚುನಾವಣೆಗೆ ಪಕ್ಷೇತರನಾಗಿ ನಿಲ್ಲುತ್ತೇನೆ ಅಂತಿದ್ದಾನೆ. ಬಗರ್‌ಹುಕುಂ ಅರ್ಜಿ, ಅಡಿಕೆ ಎಲೆಚುಕ್ಕೆ ರೋಗದ ಪರಿಹಾರ ಅಂತ ತಾಲ್ಲೂಕು ಆಫೀಸಿಗೆ ಚಪ್ಪಲಿ ಸವೆಸಿದವನು. ಕೈಯಲ್ಲಿ ಕಾಸಿಲ್ಲ. ಮನೆಮನೆಗೆ ಹೋಗಿ ನೂರು, ಇನ್ನೂರು ಎತ್ತೋಣ ಅಂತ ಮಾತಾಗಿತ್ತು. ಅಷ್ಟರಲ್ಲಿ ಶಿವಮೊಗ್ಗದ ಅಡಿಕೆ ಮಂಡಿಯವರೊಬ್ಬರು ಐದು ಲಕ್ಷ ಕೊಡ್ತೀನಿ ಅಂದರು. ಒಬ್ಬ ಕಂಟ್ರಾಕ್ಟರು, ‘ದುಡ್ಡಿನ ಮಾತು ಬೇಡ, ಜೀಪು, ಡೀಸೆಲ್, ಊಟ ನನಗೆ ಬಿಡಿ’ ಅಂದಿದ್ದಾರೆ. ಅಮೆರಿಕದಲ್ಲಿರುವ ಊರಿನವರೊಬ್ಬರೂ ಕಳಿಸ್ತಾರಂತೆ. ಇದೆಲ್ಲ ತಗೊಳ್ಳಬಹುದಾ?

ಉತ್ತರ (ಆಡಿಟರ್, ಶಿವಮೊಗ್ಗ):
ಮಂಡಿಯವರ ದುಡ್ಡು ತಗೊಳ್ಳಬಹುದು. ಒಬ್ಬ ಅಭ್ಯರ್ಥಿಗೆ ಒಬ್ಬರು ಇಷ್ಟೇ ಕೊಡಬೇಕು ಅಂತ ನಮ್ಮಲ್ಲಿ ಮಿತಿ ಇಲ್ಲ. ಮಿತಿ ಇರುವುದು ಖರ್ಚಿಗೆ. ಕರ್ನಾಟಕದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ ದಾಟುವ ಹಾಗಿಲ್ಲ. 2022ರಿಂದ ಇದೇ ಲೆಕ್ಕ.

ಆದರೆ ನೋಟಿನ ಕಟ್ಟು ಬೇಡ. ನಾಮಪತ್ರ ಹಾಕುವುದಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೇ ಅಂತ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಂದ 10,000ಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ಚೆಕ್ಕೋ, ಆನ್‌ಲೈನೋ ಆಗಲಿ.

ಕಂಟ್ರಾಕ್ಟರ ಮಾತೇ ನನಗೆ ಭಯ. ‘ನನಗೆ ಬಿಡಿ’ ಅಂದ ಕೂಡಲೇ ಖರ್ಚು ಇಲ್ಲದಂತಾಗಲಿಲ್ಲ. ಹುಡುಗ ಒಪ್ಪಿದ್ದರೆ ಆ ಜೀಪು, ಆ ಊಟ ಎಲ್ಲ ಅವನ ಲೆಕ್ಕಕ್ಕೇ ಬರುತ್ತದೆ. ಅವನ ಲಿಖಿತ ಒಪ್ಪಿಗೆ ಇಲ್ಲದೆ ಮಾಡಿದರೆ ಖರ್ಚು ಮಾಡಿದವರ ಮೇಲೇ ಕೇಸು. ಬಿಲ್ ಇಲ್ಲ ಅಂದರೂ ಬಿಡುವುದಿಲ್ಲ. ಕುರ್ಚಿಗೆ, ಶಾಮಿಯಾನಕ್ಕೆ, ಚಹಾಕ್ಕೆ, ಗಾಡಿಗೆ ಇಷ್ಟಿಷ್ಟು ಅಂತ ಜಿಲ್ಲೆಯ ಚುನಾವಣಾ ಅಧಿಕಾರಿಗಳು ದರಪಟ್ಟಿ ಮಾಡಿರುತ್ತಾರೆ. ಸಭೆಯ ವಿಡಿಯೋ ನೋಡಿ ಕುರ್ಚಿ ಎಣಿಸಿ ತಮ್ಮದೇ ಇನ್ನೊಂದು ಲೆಕ್ಕ ಬರೆದಿಟ್ಟುಕೊಳ್ಳುತ್ತಾರೆ. ಹಿಂದೊಮ್ಮೆ ಒಬ್ಬ ಅಭ್ಯರ್ಥಿಯ ಲೆಕ್ಕ ಬರೆದುಕೊಟ್ಟಿದ್ದೆ. ಡೀಸೆಲ್ ಚೀಟಿಗಳನ್ನು ಎಲೆ ಅಡಿಕೆ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿದಿದ್ದರು. ಅರ್ಧಕ್ಕೆ ಸುಣ್ಣ ಹತ್ತಿತ್ತು!

ಅಮೆರಿಕದವರನ್ನು ಒಂದೇ ಮಾತು ಕೇಳಿ: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದಾದರೆ ಅವರ ಸ್ವಂತ ದುಡ್ಡು ನಡೆಯುತ್ತದೆ. ಅಲ್ಲಿನ ಪೌರತ್ವ ತಗೊಂಡಿದ್ದರೆ ಅದು ವಿದೇಶಿ ದೇಣಿಗೆ, ಅಭ್ಯರ್ಥಿ ಮುಟ್ಟುವಂತಿಲ್ಲ. ಹುಟ್ಟಿದ್ದು ಆಗುಂಬೆಯಲ್ಲಿ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ಸಾಗರದವರೊಬ್ಬರು:
ಪಕ್ಷದವರು ಕೋಟಿಗಟ್ಟಲೆ ಸುರಿಯುತ್ತಾರಲ್ಲ ಸಾರ್, ಅವರಿಗೆ ಈ 40 ಲಕ್ಷ ಇಲ್ವಾ? ಮತ್ತೆ, ಮಂಡಿಯವರಿಗೆ ಟ್ಯಾಕ್ಸ್ ಉಳಿಯುತ್ತಾ?

ಉತ್ತರ:
ಅವರ ಅಭ್ಯರ್ಥಿಗೂ ಅದೇ ಮಿತಿ. ಆದರೆ ಪಕ್ಷವೇ ಮಾಡುವ ಸಾಮಾನ್ಯ ಪ್ರಚಾರ, ಸ್ಟಾರ್ ಪ್ರಚಾರಕರ ಹೆಲಿಕಾಪ್ಟರ್ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷೇತರನಿಗೆ ಆ ಬಾಗಿಲೇ ಇಲ್ಲ. ನನ್ನ ಕೇಳಿದರೆ ಇದು ಅನ್ಯಾಯವೇ.

ಟ್ಯಾಕ್ಸ್ ಉಳಿಯುವುದಿಲ್ಲ. ನೋಂದಾಯಿತ ಪಕ್ಷಕ್ಕೆ ಕೊಟ್ಟರೆ ವಿನಾಯಿತಿ ಉಂಟು, ವ್ಯಕ್ತಿಗೆ ಕೊಟ್ಟರೆ ಇಲ್ಲ. ಜೊತೆಗೆ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000ಕ್ಕಿಂತ ಜಾಸ್ತಿ ಸುಮ್ನೆ ಬಂದ ದುಡ್ಡನ್ನು ಆದಾಯ ಅಂತ ಹಿಡಿಯುವ ನಿಯಮ ಇದೆ. ಆ ಹುಡುಗ ಮೊದಲೇ ಒಬ್ಬ ಆಡಿಟರ್ ಹತ್ತಿರ ಕೂತು ಮಾತಾಡಲಿ.

ತೀರ್ಥಹಳ್ಳಿಯವರು:
ಇನ್ನೊಂದು ಸಾರ್. ಮಂಡಿಯವರು, ‘ನನ್ನ ಹೆಸರು ಎಲ್ಲಾದರೂ ಬರುತ್ತಾ?’ ಅಂತ ಎರಡು ಸಲ ಕೇಳಿದರು.

ಉತ್ತರ:
ಬರುತ್ತದೆ. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಸೋತವರೂ ಕೊಡಬೇಕು, ಇಲ್ಲದಿದ್ದರೆ ಮೂರು ವರ್ಷ ನಿಲ್ಲದ ಹಾಗೆ ಅನರ್ಹ ಮಾಡಬಹುದು. ಅದರಲ್ಲಿ ದುಡ್ಡು ಕೊಟ್ಟವರ ಹೆಸರು ಇರುತ್ತದೆ, ಯಾರು ಬೇಕಾದರೂ ಕೇಳಿ ನೋಡಬಹುದು. ಹೆಸರು ಹೊರಗೆ ಬರದ ಹಾಗೆ ಪಕ್ಷಗಳಿಗೆ ದುಡ್ಡು ಕೊಡುವ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದು ಮಾಡಿದ್ದೂ ಇದಕ್ಕೇ ಅಲ್ವಾ? ಯಾರು ಯಾರಿಗೆ ಕೊಟ್ಟರು ಅನ್ನುವುದು ಮತದಾರನಿಗೆ ಗೊತ್ತಾಗಬೇಕು ಅಂತ.

ಕಾನೂನು ಬಿಟ್ಟು ನನ್ನ ಅನಿಸಿಕೆ ಹೇಳಲಾ? ನೂರು ರೂಪಾಯಿ ಕೊಟ್ಟವರು ಓಟಿನ ದಿನ ತಾವಾಗಿ ಬರುತ್ತಾರೆ, ನೆಂಟರನ್ನೂ ಕರೆತರುತ್ತಾರೆ. ಐದು ಲಕ್ಷ ಕೊಟ್ಟವರು ಎದುರಾಳಿಗೂ ಐದು ಕೊಟ್ಟಿರಬಹುದು. 1952ರಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದಾಗ ಅವರ ಬೆನ್ನಿಗಿದ್ದವರು ಗೇಣಿದಾರರು, ಒಡೆಯರಲ್ಲ. ಹಾಗಂತ ಮಂಡಿಯವರನ್ನು ವಾಪಸ್ ಕಳಿಸಿ ಅಂತಲ್ಲ. ಮೊದಲು ರಸೀದಿ ಪುಸ್ತಕ ಹಿಡಿದು ಊರು ಸುತ್ತಿ. ಎಷ್ಟು ಕಡಿಮೆ ಬೀಳುತ್ತದೆ ನೋಡಿ, ಆಮೇಲೆ ಅವರ ಹತ್ತಿರ ಹೋಗಿ.

ತೀರ್ಥಹಳ್ಳಿಯವರು (ಮೂರು ದಿನದ ನಂತರ):
ಚೆಕ್ಕಿನಲ್ಲೇ ಕೊಡಬೇಕು, ಹೆಸರೂ ಬರುತ್ತದೆ ಅಂತ ಮಂಡಿಯವರಿಗೆ ಹೇಳಿದೆ ಸಾರ್. ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅಂದರು. ಕಂಟ್ರಾಕ್ಟರು ಫೋನ್ ಎತ್ತುತ್ತಿಲ್ಲ. ರಸೀದಿ ಪುಸ್ತಕ ಎಲ್ಲಿ ಪ್ರಿಂಟ್ ಹಾಕಿಸಲಿ?