ಜಾಫ್ನಾದಲ್ಲಿ ಗಾಯಗೊಂಡ ತಂದೆಗೆ ಪರಾಕ್ರಮ ಪದಕ: ಈಗ ಕೇಳಬಹುದೇ?

ತುಂಗಭದ್ರಾ_ದಂಡೆ, ಸಿಂಧನೂರು

ತಂದೆಯವರು ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಇಂಜಿನಿಯರ್ ಪಡೆ ಎಂಇಜಿ. 1981ರಲ್ಲಿ ಭರ್ತಿ, 17 ವರ್ಷ ಮುಗಿಸಿ 1998ರಲ್ಲಿ ನಿವೃತ್ತಿ. 1987ರಲ್ಲಿ ಶ್ರೀಲಂಕಾದಲ್ಲಿ ನಮ್ಮ ಸೇನೆ ನಡೆಸಿದ ಆಪರೇಷನ್ ಪವನ್ ವೇಳೆ ಜಾಫ್ನಾ ಹತ್ತಿರ ಎಲ್‌ಟಿಟಿಇ ಹೂತಿಟ್ಟಿದ್ದ ನೆಲಬಾಂಬ್ ಸಿಡಿದು ಎಡತೊಡೆಗೆ ಚೂರು ಹೊಕ್ಕಿವೆ. ಮೊದಲು ಮದ್ರಾಸ್, ನಂತರ ಪುಣೆಯ ಮಿಲಿಟರಿ ಆಸ್ಪತ್ರೆ. ಮೆಡಿಕಲ್ ಕೆಟಗರಿ ಕಾಯಂ ಬಿಇಇ (ಪೂರ್ಣ ಫಿಟ್‌ಗಿಂತ ಕೆಳಗಿನ ದರ್ಜೆ) ಆಗಿತ್ತು. ಡಿಸ್ಚಾರ್ಜ್ ಬುಕ್ಕಿನಲ್ಲಿ ವಿದೇಶ ಸೇವಾ ಪದಕ ಇದೆ, ಗಾಯಾಳುಗಳಿಗೆ ಕೊಡುವ ಪರಾಕ್ರಮ ಪದಕ ಇಲ್ಲ. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಬರೀ ಸರ್ವಿಸ್ ಪಿಂಚಣಿ. ರಾಯಚೂರು ರಿಮ್ಸ್‌ನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಚೂರುಗಳು ಈಗಲೂ ಕಾಣುತ್ತವೆ. ಅದನ್ನು ಲಗತ್ತಿಸಿ ಅರ್ಜಿ ಹಾಕಿದರೆ ಸಾಕಾ?

ಪಾರ್ಟ್‌ಟು_ಕ್ಲರ್ಕ್, ಬಳ್ಳಾರಿ

ಸಾಲದು. ತೊಡೆಯಲ್ಲಿ ಲೋಹ ಇದೆ ಅಂತ ಎಕ್ಸ್‌ರೇ ಹೇಳ್ತದ, ಅದು ಯಾರ ಬಾಂಬಿನದು ಅಂತ ಹೇಳಂಗಿಲ್ಲ. ಪರಾಕ್ರಮ ಪದಕಕ್ಕೆ ಬೇಕಾದ್ದು ಶತ್ರುವಿನ ನೇರ ಕ್ರಿಯೆಯಿಂದಾದ ಗಾಯ. ಅದನ್ನು ತೋರಿಸೋ ಮುಖ್ಯ ಕಾಗದ ಎರಡು: ಆ ಕಾಲದಾಗ ಯೂನಿಟ್ ಕಳಿಸಿದ ಬ್ಯಾಟಲ್ ಕ್ಯಾಶುವಲ್ಟಿ ವರದಿ (ಕಾಳಗದಾಗ ಗಾಯಗೊಂಡವರ ವರದಿ), ಮತ್ತು ಅದರ ಮೇಲೆ ಹೊರಟ ಪಾರ್ಟ್ ಟು ಆರ್ಡರ್ (ಸೈನಿಕನ ಸೇವಾ ದಾಖಲೆಗೆ ಸೇರೋ ಆದೇಶ). ಬಹಳ ಮಂದಿ ಇದನ್ನು ಬಿಟ್ಟು ನೇರವಾಗಿ ಪದಕಕ್ಕ ಅರ್ಜಿ ಬರೀತಾರ. ದಾಖಲೆ ಸಿಗಲಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು ಅಂದ್ರ ಕೈ ಚೆಲ್ಲಿ ಕೂಡ್ತಾರ.

ಮೊದಲು ಆರ್‌ಟಿಐ ಹಾಕ್ರಿ. ಅರ್ಜಿದಾರರು ತಂದೆಯವರೇ ಆಗಿರಬೇಕು, ಸಹಿನೂ ಅವರದೇ. ಮಗನ ಹೆಸರಲ್ಲಿ ಹೋದರ ಬೇರೆಯವರ ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸಬಹುದು. ಶುಲ್ಕ 10 ರೂಪಾಯಿ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ನಡೀತದ, ಆನ್‌ಲೈನ್ ಕೂಡ ಆಗ್ತದ. ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ಗೆ (ದಾಖಲೆ ಕಚೇರಿ) ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೀರಿ. ಸೈನಿಕ ಸಂಖ್ಯೆ, ಗಾಯದ ದಿನಾಂಕ, ಆಗಿನ ಕಂಪನಿ, ಆಸ್ಪತ್ರೆಗೆ ಸೇರಿದ ತಾರೀಖು ಕಡ್ಡಾಯ. ಕೇಳಬೇಕಾದ್ದು ಸೇವಾ ವಿವರದ ಶೀಟ್ ರೋಲ್, ಗಾಯದ ಪಾರ್ಟ್ ಟು ಆರ್ಡರ್, ಕ್ಯಾಶುವಲ್ಟಿ ವರದಿ, ನಿವೃತ್ತಿ ವೇಳೆಯ ಮೆಡಿಕಲ್ ಬೋರ್ಡ್ ಅಂದ್ರ ಎಎಫ್‌ಎಂಎಸ್‌ಎಫ್-16, ಇವುಗಳ ಪ್ರತಿ. "ಪದಕ ಯಾಕೆ ಕೊಡಲಿಲ್ಲ" ಅಂತ ಕೇಳಬ್ಯಾಡ್ರಿ, ಆರ್‌ಟಿಐ ಇರೋದು ದಾಖಲೆಗೆ, ಜಗಳಕ್ಕಲ್ಲ. 30 ದಿನದಾಗ ಉತ್ತರ ಬರದಿದ್ದರ ಮೊದಲ ಮೇಲ್ಮನವಿ.

ಹೆಸರಿನ ಸ್ಪೆಲಿಂಗ್ ನೋಡ್ಕೊಳ್ರಿ. ಡಿಸ್ಚಾರ್ಜ್ ಬುಕ್ಕು, ಆಧಾರ್, ಪಿಪಿಒ ಮೂರರಾಗ ಮೂರು ತರಹ ಇದ್ದರ ಫೈಲು ಅಲ್ಲೇ ನಿಂತುಬಿಡ್ತದ. ಕಾಪಿಗೆ ಕಾಯ್ಕೋತ ಇದನ್ನೂ ಸರಿಮಾಡ್ಸ್ರಿ.

ಗಂಗಾವತಿ_ಪಿಂಚಣಿ

ಪದಕ ಬೇರೆ, ವಾರ್ ಇಂಜುರಿ (ಯುದ್ಧಗಾಯದ) ಪಿಂಚಣಿ ಬೇರೆ. ಒಂದು ಬಂದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಪಿಂಚಣಿಗೆ ಆಧಾರ ರಕ್ಷಣಾ ಸಚಿವಾಲಯದ 31-1-2001ರ ಪತ್ರ, ಅದರಲ್ಲಿ ಯುದ್ಧಗಾಯಗಳ 'ಇ' ವರ್ಗ. ಅದು 1-1-1996ರಿಂದ ಜಾರಿ, ಹಾಗಾಗಿ 1998ರ ನಿವೃತ್ತರು ಒಳಗೆ ಬರುತ್ತಾರೆ. 'ಇ' ವರ್ಗ ಪದಕಕ್ಕಿಂತ ಅಗಲ: ನಮ್ಮವರೇ ಗಡಿಯಲ್ಲಿ ಹಾಸಿದ ಮೈನ್ ಆಕಸ್ಮಿಕವಾಗಿ ಸಿಡಿದರೂ ಅದರಲ್ಲಿ ಸೇರುತ್ತದೆ, ಆದರೆ ಅಂಥ ಗಾಯಕ್ಕೆ ಪದಕ ಕೇಳುವುದು ಕಷ್ಟ. ನಿಮ್ಮದು ಎಲ್‌ಟಿಟಿಇ ಇಟ್ಟದ್ದು, ಎರಡಕ್ಕೂ ದಾರಿ ಇದೆ.

ಎಎಫ್‌ಎಂಎಸ್‌ಎಫ್-16 ಸಿಕ್ಕಾಗ ಅಂಗವೈಕಲ್ಯ ಶೇಕಡಾ ಎಷ್ಟು ಬರೆದಿದ್ದಾರೆ ನೋಡಿ. ಶೇ. 30 ಎಂದಿದ್ದರೆ ಅದನ್ನು 50 ಎಂದು ಲೆಕ್ಕ ಹಿಡಿಯುತ್ತಾರೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಈ ಸವಲತ್ತು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದಿದೆ. ಸೇವೆಯಲ್ಲಿ ಉಳಿದು ನಿವೃತ್ತರಾದವರಿಗೆ ಶೇ. 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 60, ಅಂದರೆ 50ಕ್ಕೆ ಶೇ. 30, ಸರ್ವಿಸ್ ಪಿಂಚಣಿಯ ಮೇಲೆ.

ಒಂದು ತೊಡಕು. ಗಾಯವಾದ ಮೇಲೂ ಸೇವೆಯಲ್ಲಿ ಉಳಿದವರಿಗೆ ಒಂದೇ ಸಲ ಪರಿಹಾರದ ಇಡುಗಂಟು ಕೊಡುವ ಪದ್ಧತಿ ಇದೆ. ಅದನ್ನು ತೆಗೆದುಕೊಂಡಿದ್ದರೆ ತಿಂಗಳ ವಾರ್ ಇಂಜುರಿ ಹಣ ಸಿಗುವುದಿಲ್ಲ. ತಂದೆಯವರನ್ನು ಮೊದಲೇ ಕೇಳಿ.

ತುಂಗಭದ್ರಾ_ದಂಡೆ

ಇಡುಗಂಟು ತಗೊಂಡಿಲ್ಲ ಅಂತಾರೆ. ಪುಣೆ ಆಸ್ಪತ್ರೆಯ ಒಂದು ಚೀಟಿ ಟ್ರಂಕಿನಲ್ಲಿ ಸಿಕ್ಕಿತು: "ಸ್ಪ್ಲಿಂಟರ್ ಇಂಜುರಿ ಲೆಫ್ಟ್ ಥೈ", ಪಕ್ಕಕ್ಕೆ "ಬಿಸಿ" ಅಂತ ಕೆಂಪು ಶಾಯಿ. ಪಾರ್ಟ್ ಟು ಆರ್ಡರ್ ಸಿಗದೇ ಹೋದರೆ ಇದು ನಡೆಯುತ್ತಾ?

ಪಾರ್ಟ್‌ಟು_ಕ್ಲರ್ಕ್, ಬಳ್ಳಾರಿ

ಬಿಸಿ ಅಂದ್ರ ಬ್ಯಾಟಲ್ ಕ್ಯಾಶುವಲ್ಟಿ. ಭಾಳ ಕೆಲಸಕ್ಕ ಬರೋ ಚೀಟಿ ಅದು. ಲ್ಯಾಮಿನೇಷನ್ ಮಾಡ್ಸಬ್ಯಾಡ್ರಿ, ಶಾಯಿ ಹಾಳಾಗ್ತದ. ಬಣ್ಣದ ಸ್ಕ್ಯಾನ್ ತೆಗೀರಿ, ಮೂಲ ಯಾರಿಗೂ ಕೊಡಬ್ಯಾಡ್ರಿ. ಅದರ ಮೇಲಿನ ತಾರೀಖು ಹಿಡಿದು ಅದೇ ಆಸ್ಪತ್ರೆಗೂ ಒಂದು ಆರ್‌ಟಿಐ ಹಾಕ್ರಿ. ಅದೇ ಕಂಪನಿಯ ಇಬ್ಬರು ಸಾಕ್ಷಿದಾರರ ಅಫಿಡವಿಟ್ ಜೋಡಿಸಿದರ ಬಲ ಬರ್ತದ. ಎಲ್ಲಾ ಸೇರಿಸಿ ಪದಕಕ್ಕ ಒಂದು, ಪಿಂಚಣಿಗೆ ಒಂದು, ಎರಡು ಬೇರೆ ಅರ್ಜಿ ರೆಕಾರ್ಡ್ಸ್‌ಗೆ, ಸ್ಪೀಡ್ ಪೋಸ್ಟ್‌ನಾಗ.

ಗಂಗಾವತಿ_ಪಿಂಚಣಿ

ಪಿಂಚಣಿ ಅರ್ಜಿ ತಿರಸ್ಕಾರವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ತಡವಾಯಿತೆಂದು ಪಿಂಚಣಿಯ ಹಕ್ಕು ಹೋಗುವುದಿಲ್ಲ, ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಬಾಕಿ ಹಣ ಸಾಮಾನ್ಯವಾಗಿ ಪ್ರಕರಣ ಹೂಡಿದ ದಿನದಿಂದ ಹಿಂದಿನ 3 ವರ್ಷಕ್ಕೆ ಮಾತ್ರ. ಹಾಗಾಗಿ ಪದಕದ ಉತ್ತರಕ್ಕೆ ಕಾಯುತ್ತ ಪಿಂಚಣಿ ಅರ್ಜಿಯನ್ನು ತಡೆಹಿಡಿಯಬೇಡಿ.